ಮಾವನ ರೇಜರಿಗೆ ಗೆರೆಯಮ್ಮ ಬರೆದ ಅಂಕಿ

ಗೆರೆಯಮ್ಮ ಗೆರೆ ಎಳೆಯಲು ಕುಳಿತಳೆಂದರೆ ಅಂಗಡಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ಹಿಡಿಯಿರಿ ಎಂದು ಅವಳೇನೂ ಹೇಳುತ್ತಿರಲಿಲ್ಲ. ಹೊಸದಾಗಿ ಕರಿ ಬಣ್ಣ ಬಳಿದ ಹೊಲಿಗೆ ಮಷೀನಿನ ಮೈಮೇಲೆ ಐದೇ ಕೂದಲಿನ ಕುಂಚ ಇಟ್ಟು, ಚಿನ್ನದ ಬಣ್ಣದ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಎಳೆತಕ್ಕೆ ಎಳೆಯುವಾಗ ನೋಡುವವರ ಉಸಿರು ತಾನಾಗಿಯೇ ನಿಂತುಬಿಡುತ್ತಿತ್ತು. ಒಮ್ಮೆ ಮಷೀನು ಒಯ್ಯಲು ಬಂದಿದ್ದ ದಪ್ಪ ಹೊಟ್ಟೆಯ ಗಿರಾಕಿಯೊಬ್ಬ ಹೀಗೆ ಉಸಿರು ಹಿಡಿದು ಹಿಡಿದು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿ, ನೆಲದ ಮೇಲೆ ದೊಪ್ಪನೆ ಕುಳಿತುಬಿಟ್ಟ. ಗೆರೆಯಮ್ಮ ಗೆರೆ ಮುಗಿಸಿದ ಮೇಲೆಯೇ ತಿರುಗಿ ನೋಡಿದ್ದು.

"ಏನಾಯ್ತು ಇವರಿಗೆ?" ಎಂದಳು.

"ನಿನ್ನ ಗೆರೆ ಉದ್ದ ಆಯ್ತು, ಅವರ ಉಸಿರು ಗಿಡ್ಡ ಆಯ್ತು," ಎಂದ ಅಂಗಡಿಯ ಮೇಸ್ತ್ರಿ.

ಅದು ಹಳೆಯ ಹೊಲಿಗೆ ಮಷೀನು ರಿಪೇರಿ ಮಾಡುವ ಅಂಗಡಿ. ತುಕ್ಕು ಹಿಡಿದು, ಬಣ್ಣ ಎದ್ದು, ಗುಜರಿ ಸಾಮಾನಿನ ಜೊತೆ ಮೂಲೆ ಸೇರಿದ್ದ ಮಷೀನುಗಳು ಅಲ್ಲಿಗೆ ಬರುತ್ತಿದ್ದವು. ಮೇಸ್ತ್ರಿ ಅವುಗಳ ಹೊಟ್ಟೆ ಸರಿಮಾಡುತ್ತಿದ್ದ, ಗೆರೆಯಮ್ಮ ಮುಖ ಸರಿಮಾಡುತ್ತಿದ್ದಳು. ಅವಳು ಈ ಕೆಲಸಕ್ಕೆ ಸೇರಿದ್ದೂ ಒಂದು ತಮಾಷೆಯೇ. ಮದುವೆಯಾದ ಹೊಸದರಲ್ಲಿ, ದರ್ಜಿ ಗಂಡನ ಮಷೀನು ರಿಪೇರಿಗೆ ಹೋಗಿದ್ದನ್ನು ತರಲು ಬಂದಿದ್ದಳು. ಆಗ ಅಲ್ಲಿ ಬಣ್ಣ ಬಳಿಯುತ್ತಿದ್ದವನಿಗೆ ಬಿಕ್ಕಳಿಕೆಯ ಕಾಯಿಲೆ. ಅವನು ಎಳೆದ ಗೆರೆ ಪ್ರತಿ ಗೇಣಿಗೊಮ್ಮೆ ಎಗರಿ ಬೀಳುತ್ತಿತ್ತು. ಮಷೀನು ನೋಡಿದವಳೇ, "ಅಯ್ಯೋ, ಈ ಗೆರೆ ಏನನ್ನೋ ನೋಡಿ ಬೆಚ್ಚಿಬಿದ್ದ ಹಾಗಿದೆಯಲ್ಲ!" ಎಂದುಬಿಟ್ಟಳು. ಮೇಸ್ತ್ರಿಗೆ ಸಿಟ್ಟು ಬಂತು. "ಹಾಗಾದ್ರೆ ನೀನೇ ಎಳಿಯಮ್ಮ ನೋಡೋಣ," ಎಂದು ಕುಂಚ ಕೈಗಿಟ್ಟ. ಅವಳು ಎಳೆದಳು. ಅದಾಗಿ ಇಪ್ಪತ್ತು ವರ್ಷ. ಬಿಕ್ಕಳಿಕೆಯವನು ಆಮೇಲೆ ಹಸು ಎಮ್ಮೆ ಸಾಕಿ ಸುಖವಾಗಿದ್ದನಂತೆ, ಹಾಲು ಕರೆಯುವುದಕ್ಕೆ ಬಿಕ್ಕಳಿಕೆ ಅಡ್ಡ ಬರುವುದಿಲ್ಲವಲ್ಲ.

ಗೆರೆಯಮ್ಮ ಶಾಲೆಗೆ ಹೋಗಿದ್ದು ಮೂರೇ ವರ್ಷ. ಅವಳು ಬರೆದ ಅಕ್ಷರಗಳು ಒಂದಕ್ಕೊಂದು ಒರಗಿಕೊಂಡು ಕುಂಟುತ್ತಿದ್ದವು. ಅಂಕಿಗಳ ಮಾತು ಬೇರೆ. ಅವನ್ನು ಅವಳು ಕಲಿತದ್ದು ದರ್ಜಿಗಳ ಮನೆಗೆ ಸೊಸೆಯಾಗಿ ಬಂದ ಮೇಲೆ, ಅಳತೆ ಪಟ್ಟಿಯಿಂದ. ಮಾವ ಅಳತೆ ಕೂಗುವುದು, ಇವಳು ಬರೆದುಕೊಳ್ಳುವುದು. ಎರಡು ಬರೆದರೆ ಹಂಸದ ಕತ್ತು, ಎಂಟು ಬರೆದರೆ ಸಕ್ಕರೆ ಗೊಂಬೆ. ಮಷೀನಿನ ಮೇಲಿನ ನಂಬರು ಅಳಿಸಿಹೋದರೆ ಅದನ್ನು ಮತ್ತೆ ಬರೆಯುತ್ತಿದ್ದವಳೂ ಅವಳೇ.

ಆ ಮಾವನನ್ನು ಬೀದಿಯವರು ಅಳತೆ ತಾತ ಎನ್ನುತ್ತಿದ್ದರು. ಪಟ್ಟಿ ಹಿಡಿಯದೆ, ಬರಿಗಣ್ಣಿನಲ್ಲಿ ಎದುರಿಗಿದ್ದವರ ಅಳತೆ ಹೇಳುವುದು ಅವರ ಚಾಳಿ. "ಎದೆ ಮೂವತ್ತೆಂಟು, ಹೊಟ್ಟೆ ನಲವತ್ತಾರು. ಆದ್ರೂ ಮನುಷ್ಯ ಒಳ್ಳೆಯವನು," ಎಂದು ದಾರಿಯಲ್ಲಿ ಹೋಗುವವರ ಕುಲಗೋತ್ರವನ್ನೆಲ್ಲ ಇಂಚಿನಲ್ಲೇ ಹೇಳಿಮುಗಿಸುತ್ತಿದ್ದರು. ಈಗ ಎಂಬತ್ತು ದಾಟಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಕೆಳಗಿನ ದರ್ಜಿ ಅಂಗಡಿಯನ್ನು ಚಿಕ್ಕ ಮಗ, ಅಂದರೆ ಗೆರೆಯಮ್ಮನ ಗಂಡ, ನೋಡಿಕೊಳ್ಳುತ್ತಿದ್ದ. ತಾತ ಮಹಡಿಯ ಮೇಲೆ ಕಿಟಕಿಯ ಪಕ್ಕ ಕುಳಿತು, ಕಾಣದಿದ್ದರೂ ಅಂದಾಜಿನ ಮೇಲೆ ಅಳತೆ ಹೇಳುತ್ತಿದ್ದರು. ದೀಪದ ಕಂಬಕ್ಕೂ ಒಂದು ದಿನ ಅಳತೆ ಹೇಳಿ, "ಏನು ಸಣ್ಣಗಾಗಿದ್ದಾನೆ ಪಾಪ," ಎಂದು ಮರುಗಿದ್ದರು.

ಅವರ ಮುಖದಲ್ಲಿ ಎರಡು ವಿಶೇಷ. ಒಂದು ಮೀಸೆ, ಎರಡೂ ಕಡೆ ಸಮವಾಗಿ ಇಳಿದು ತುದಿಯಲ್ಲಿ ಮೇಲೆದ್ದದ್ದು. ಇನ್ನೊಂದು, ಕಲೆಯಿಲ್ಲದ ಕೆನ್ನೆ. ಐವತ್ತು ವರ್ಷದಿಂದ ತಾವೇ ಕ್ಷೌರ ಮಾಡಿಕೊಂಡವರು, ಒಂದು ಹನಿ ರಕ್ತ ತೆಗೆದವರಲ್ಲ. ಇದಕ್ಕೆಲ್ಲ ಕಾರಣ ಅವರ ಸೇಫ್ಟಿ ರೇಜರ್ ಎಂಬುದು ಅವರ ವಾದ. ಹಳೇ ಸಾಮಾನಿನವನ ಬಳಿ, ಹರೆಯದಲ್ಲಿ ಒಂದು ಕೋಟು ಹೊಲಿದುಕೊಟ್ಟು ಪಡೆದ ರೇಜರದು. ಕೈಯಲ್ಲಿಟ್ಟರೆ ತೂಕ ತಿಳಿಯುತ್ತಿತ್ತು. ಬುಡ ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆದು ಬ್ಲೇಡಿಗೆ ಜಾಗ ಕೊಡುತ್ತಿದ್ದವು. ಕತ್ತಿನ ಕೆಳಗೆ ಒಂದು ಬಳೆ, ಬಳೆಯ ಸುತ್ತ ಒಂದರಿಂದ ಒಂಬತ್ತರವರೆಗೆ ಬಿಳಿ ಬಣ್ಣದ ಅಂಕಿಗಳು. ಬಳೆ ತಿರುಗಿಸಿದ ಹಾಗೆ ಬ್ಲೇಡು ಕೂದಲೆಳೆಯಷ್ಟು ಮೇಲೇಳುವುದೋ ತಗ್ಗುವುದೋ ಆಗುತ್ತಿತ್ತು. ತಾತನದ್ದು ಎರಡು. ಐವತ್ತು ವರ್ಷದಿಂದ ಎರಡು. ಕಣ್ಣು ಮಂಜಾದ ಮೇಲೆ ಬೆಳಿಗ್ಗೆ ಮುಖಕ್ಕೆ ನೊರೆ ಹಚ್ಚಿಕೊಂಡು, ರೇಜರನ್ನು ಸೊಸೆಯ ಕಡೆ ಚಾಚಿ, "ಎಷ್ಟಿದೆಯಮ್ಮಾ?" ಎನ್ನುವರು. "ಎರಡು, ಮಾವ," ಎನ್ನುವಳು ಇವಳು. ಆಮೇಲೆಯೇ ಕೆನ್ನೆಗೆ ಇಡುವುದು. ಬಳೆ ಸರಿದಾಡಿದ್ದೇ ಇಲ್ಲ, ಇವಳು ತಿರುಗಿಸಿದ್ದೂ ಇಲ್ಲ. ಆದರೂ ಕೇಳದೆ ಒಂದು ದಿನವೂ ಇಟ್ಟವರಲ್ಲ.

ಎದುರುಗಡೆ ಕಟಿಂಗ್ ಶಾಪಿನವನಿಗೆ ಈ ಕೆನ್ನೆ ಕಣ್ಣಿಗೆ ಚುಚ್ಚುತ್ತಿತ್ತು. "ತಾತಾ, ಒಂದೇ ಒಂದು ಸಲ ನನ್ನ ಕುರ್ಚಿ ಮೇಲೆ ಕೂತ್ಕೊಳ್ಳಿ," ಎಂದು ಬೀದಿಯಿಂದಲೇ ಕೂಗುವನು.

"ನಿನ್ನ ಕುರ್ಚಿಗೆ ನಾನು ಹೊಲಿದ ಗವಸು ಕೂತಿದೆಯಲ್ಲೋ, ಸಾಕು," ಎನ್ನುವರು ತಾತ.

ಸೊಸೆಗೂ ಮಾವನಿಗೂ ಜೀವ ಎಂದರೆ ಜೀವ. ಗಂಡ ಒಳ್ಳೆಯವನೇ, ಆದರೆ ಮಾತಿಗೆ ಬಹಳ ಜಿಪುಣ. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಇಟ್ಟುಕೊಂಡಿರುವವನು ಏನು ಮಾತಾಡಿಯಾನು? ಸಂಜೆ ಅವಳಿಗೆ ಇಸ್ಪೀಟಿಗೆ ಜೊತೆ ಮಾವನೇ. ಎಲೆ ಕಣ್ಣಿಗೆ ಕಾಣುವುದಿಲ್ಲ ಎಂಬ ನೆಪದಲ್ಲಿ ಅವರು ರಾಜಾರೋಷವಾಗಿ ಮೋಸ ಮಾಡುತ್ತಿದ್ದರು. "ಇದು ರಾಜ ಅಂತ ಕಂಡಿತಮ್ಮ," ಎಂದು ಡೈಮಂಡಿನ ಎರಡನ್ನು ಎಸೆಯುವರು. "ಹೌದು ಮಾವ, ಕಿರೀಟ ಬಿಸಿಲಿಗೆ ತೆಗೆದಿಟ್ಟಿದ್ದಾನೆ," ಎಂದು ಇವಳು ಎತ್ತಿಕೊಳ್ಳುವಳು. ಇಬ್ಬರೂ ನಗುವ ಸದ್ದಿಗೆ ಕೆಳಗೆ ಗಂಡನ ಕೈಯ ಕತ್ತರಿ ಅಡ್ಡಾದಿಡ್ಡಿ ಹೋಗುತ್ತಿತ್ತು.

ಹೀಗಿರುವಾಗ ಬೇರೆ ಊರಿನಲ್ಲಿದ್ದ ದೊಡ್ಡ ಮಗನಿಂದ ಮತ್ತೆ ಫೋನು ಬಂತು. "ಅಪ್ಪಾ, ಇನ್ನು ನಮ್ಮ ಮನೆಗೆ ಬಂದುಬಿಡಿ. ಮಹಡಿ ಹತ್ತೋ ಗೋಜಿಲ್ಲ. ನಿಮಗಾಗಿ ಕರೆಂಟಿನ ಶೇವಿಂಗ್ ಮಷೀನು ತಗೊಂಡಿದ್ದೀವಿ. ಬ್ಲೇಡೂ ಬೇಡ, ನೊರೆಯೂ ಬೇಡ."

ತಾತ ಹಿಂದಿನಂತೆಯೇ ಉತ್ತರ ಕೊಟ್ಟರು. "ನನ್ನ ರೇಜರು ಇಲ್ಲಿದೆಯಪ್ಪ. ರೇಜರು ಎಲ್ಲಿದೆಯೋ ನಾನೂ ಅಲ್ಲೇ."

"ಭಾನುವಾರ ಬರ್ತೀವಿ. ನೀವೇ ಆ ಮಷೀನು ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಹೇಳಿ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಷೀನಿನ ಫೋಟೋ ಕೂಡ ಫೋನಿಗೆ ಬಂತು. ತಾತ ಅದನ್ನು ಮೂಗಿನ ತುದಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹೊಳೀತಾ ಇದೆ ಕಣಮ್ಮ," ಎಂದರು. ಆಮೇಲೆ ತಮ್ಮ ರೇಜರಿನ ಹಿಡಿ ಸವರಿ, "ಇದರ ಬಣ್ಣ ಎದ್ದುಹೋಗಿದೆ, ಅಲ್ವಾ? ಕೈಗೆ ಗರಗರ ಅನ್ನುತ್ತೆ," ಎಂದರು.

ಗೆರೆಯಮ್ಮನಿಗೆ ಚಿಂತೆ ಹತ್ತಿತು. ಹೊಳೆಯುವುದನ್ನು ನೋಡಿ ಮನಸ್ಸು ಕರಗಿದ ಮನುಷ್ಯ ಭಾನುವಾರ ಗಂಟುಮೂಟೆ ಕಟ್ಟಿಬಿಟ್ಟರೆ? ಸಂಜೆ ಅವಳು ಯಾರ ಜೊತೆ ಆಡಬೇಕು, ಗುಂಡುಸೂಜಿಗಳ ಜೊತೆಯೇ? ಹೊಳಪೇ ಬೇಕಿದ್ದರೆ ಹೊಳಪು ಕೊಡುವುದು ಅವಳ ಕಸುಬಲ್ಲವೇ? ಭಾನುವಾರದೊಳಗೆ ಮಾವನ ರೇಜರು ಆ ಕರೆಂಟಿನ ಮಷೀನಿನ ಮೋರೆ ಬಾಡಿಸುವಂತೆ ಮಾಡುತ್ತೇನೆ ಎಂದು ಅಂದೇ ತೀರ್ಮಾನಿಸಿದಳು.

ಬುಧವಾರ ತಾತನ ಕ್ಷೌರ ಮುಗಿದ ಕೂಡಲೇ ರೇಜರನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅಂಗಡಿಗೆ ಹೋದಳು. ಬಣ್ಣ ಒಣಗಲು ಮೂರು ದಿನ ಬೇಕು. ಅಲ್ಲಿಯವರೆಗೆ ಬ್ಲೇಡು ಮುಗಿದಿದೆ, ಎಲ್ಲೂ ಸಿಗುತ್ತಿಲ್ಲ ಎಂದು ಹೇಳುವುದೆಂದು ಗಂಡನಿಗೆ ಪಾಠ ಹೇಳಿಕೊಟ್ಟಿದ್ದಳು. ಅವನು ಸಂಜೆ ಮನೆಗೆ ಬಂದವನೇ ಅಪ್ಪನ ಮುಂದೆ ಬ್ಲೇಡಿನ ಪೊಟ್ಟಣ ಇಟ್ಟ.

"ಬ್ಲೇಡು ಎಲ್ಲೂ ಸಿಗಲಿಲ್ಲ ಅಪ್ಪ," ಎಂದ.

"ಮತ್ತೆ ಇದೇನೋ?"

ಗಂಡ ಪೊಟ್ಟಣ ನೋಡಿದ, ಹೆಂಡತಿಯನ್ನು ನೋಡಿದ. "ಇದು... ಗುಂಡಿ," ಎಂದ.

ಗೆರೆಯಮ್ಮ ಪೊಟ್ಟಣ ಬಾಚಿಕೊಂಡು ಅಡುಗೆಮನೆಗೆ ಓಡಿದಳು. "ಇಷ್ಟು ತೆಳ್ಳಗಿನ ಗುಂಡಿಯಾ?" ಎಂದು ತಾತ ಗೊಣಗುತ್ತಲೇ ಇದ್ದರು.

ಅತ್ತ ರೇಜರಿನ ಕೆಲಸ ಸಾಗಿತ್ತು. ಮೊದಲು ಬಿಸಿನೀರು, ಸೋಪು, ಹಳೇ ಹಲ್ಲುಜ್ಜುವ ಬ್ರಷ್ಷು. ಐವತ್ತು ವರ್ಷದ ನೊರೆ ಸಂದುಗೊಂದುಗಳಲ್ಲಿ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಅದು ಹೋದ ಮೇಲೆ ಹಿಡಿಯ ಹಳೇ ಕರಿ ಬಣ್ಣ. ಉಪ್ಪುಕಾಗದದಲ್ಲಿ ತಿಕ್ಕುತ್ತಾ ಕೂತರೆ ಸಂಜೆಯಾಗುತ್ತದೆ ಎಂದು ಅವಳು ಆತುರಪಟ್ಟಳು. ಮಷೀನುಗಳ ಹಳೇ ಬಣ್ಣ ಕಳಚುವ ದ್ರಾವಣದ ಡಬ್ಬಿ ಪಕ್ಕದಲ್ಲೇ ಇತ್ತು. ಹಿಡಿಯನ್ನಷ್ಟೇ ಅದ್ದಬೇಕಿತ್ತು. ಇಡೀ ರೇಜರನ್ನೇ ಮುಳುಗಿಸಿ ಚಹಾ ಕುಡಿಯಲು ಕುಳಿತಳು. ಚಹಾ ಮುಗಿಸಿ ಎತ್ತಿ ನೋಡಿದರೆ ಹಿಡಿ ಹಿತ್ತಾಳೆಯ ಬಣ್ಣಕ್ಕೆ ಥಳಥಳ ಎನ್ನುತ್ತಿದೆ, ಬಳೆಯ ಮೇಲೆ ಮಾತ್ರ ಒಂದೇ ಒಂದು ಅಂಕಿ ಇಲ್ಲ. ಅವೇನು ಕೆತ್ತಿದ ಅಂಕಿಗಳಲ್ಲ, ಬಣ್ಣದಲ್ಲಿ ಬರೆದವು. ಆಗ ತಾನೇ ಹುಟ್ಟಿದ ಕೂಸಿನ ಹಾಗೆ ಬಳೆ ಬೆತ್ತಲೆಯಾಗಿತ್ತು.

"ಮೇಸ್ತ್ರೀ, ಕೆಟ್ಟೆ!" ಎಂದು ಅವಳು ಕೂಗಿದ್ದಕ್ಕೆ ಮೇಸ್ತ್ರಿ ಎಣ್ಣೆ ಕುಪ್ಪಿ ಕೈಬಿಟ್ಟು ಓಡಿಬಂದ. ರೇಜರನ್ನು ತಿರುಗಿಸಿ ಮುರುಗಿಸಿ, ಎರಡರಲ್ಲಿ ನಿಂತಿದ್ದ ಬಳೆಯನ್ನೂ ಆ ಕಡೆ ಈ ಕಡೆ ಸುತ್ತಿಸಿ ನೋಡಿದ. "ಇಷ್ಟೇನಾ? ಒಂಬತ್ತು ಅಂಕಿ ತಾನೆ, ಬರೆದರಾಯ್ತು," ಎಂದ.

"ಯಾವ ಕಡೆಯಿಂದ ಬರೀಲಿ? ಬಳೆ ಪೂರ್ತಿ ಬಿಗಿ ಆದಾಗ ಒಂದಿತ್ತೋ ಒಂಬತ್ತಿತ್ತೋ?"

ಮೇಸ್ತ್ರಿ ಅವಳನ್ನು ಕನಿಕರದಿಂದ ನೋಡಿದ. ಪಕ್ಕದ ಮಷೀನಿನಲ್ಲಿ ನೂಲು ಬಿಗಿ ಮಾಡುವ ತಿರುಪಿಗೆ ಬೆರಳು ತೋರಿಸಿದ. "ಇಪ್ಪತ್ತು ವರ್ಷದಿಂದ ಇದನ್ನ ನೋಡ್ತಿದ್ದೀಯ. ಬಿಗಿ ಮಾಡಿದ ಹಾಗೆ ಅಂಕಿ ಏರುತ್ತೋ ಇಳಿಯುತ್ತೋ?"

"ಏರುತ್ತೆ."

"ಮತ್ತೆ? ಲೋಕದಲ್ಲಿ ಬಿಗಿ ಅನ್ನೋದು ಒಂದೇ. ಪೂರ್ತಿ ಬಿಗಿ ಒಂಬತ್ತು. ಸಡಿಲ ಒಂದು. ನಿಮ್ಮ ಮಾವನ ಎರಡು ಅಂದ್ರೆ ಸಡಿಲ, ಮೆತ್ತಗೆ, ಹೂವಿನ ಹಾಗೆ."

ಮಾತು ನ್ಯಾಯವಾಗಿಯೇ ಇತ್ತು. ಆದರೂ ಸಮಾಧಾನವಾಗದೆ ಮನೆಯಲ್ಲಿ ಗಂಡನನ್ನು ಕೇಳಿದಳು. ಅವನು ಬಾಯಿಂದ ನಾಲ್ಕೂ ಗುಂಡುಸೂಜಿ ತೆಗೆದ. ಅಂದರೆ ವಿಷಯ ಗಂಭೀರ ಎಂದರ್ಥ. "ಬಿಗಿ ಒಂಬತ್ತು. ಇದನ್ನೂ ಕೇಳ್ತಾರಾ?" ಎಂದು ಮತ್ತೆ ಸೂಜಿ ಕಚ್ಚಿಕೊಂಡ. ಮಾವನನ್ನು ಕೇಳಿದರೆ ಗುಟ್ಟು ರಟ್ಟು. ಬೇರೆ ನಿಜ ಗೊತ್ತಿದ್ದವನು ಬೀದಿಯಲ್ಲಿ ಒಬ್ಬನೇ, ಎದುರಿನ ಕಟಿಂಗ್ ಶಾಪಿನವನು. ಅವನನ್ನು ಕೇಳುವುದೂ ಒಂದೇ, ಊರಿಗೆಲ್ಲ ಡಂಗುರ ಹೊಡೆಸುವುದೂ ಒಂದೇ.

ಗುರುವಾರ ಗೆರೆಯಮ್ಮ ಹಿಡಿಗೆ ಕರಿ ಬಣ್ಣ ಬಳಿದಳು, ತೆಳ್ಳಗೆ, ಮೂರು ಸಲ. ಪ್ರತಿ ಸಲವೂ ಒಣಗಿಸಿದ್ದು ಅಂಗಡಿಯ ಪದ್ಧತಿಯಂತೆ ಬಿಸ್ಕತ್ತಿನ ಡಬ್ಬಿಯೊಳಗೆ, ನೂರು ವ್ಯಾಟಿನ ಬಲ್ಬಿನ ಕಾವಿನಲ್ಲಿ. ಶುಕ್ರವಾರ ಹಿಡಿಯ ಸುತ್ತ ಎರಡು ಚಿನ್ನದ ಗೆರೆ, ನಡುವೆ ಸಣ್ಣ ಬಳ್ಳಿ. ಕೊನೆಗೆ ಬಳೆಯ ಮೇಲೆ ಅಂಕಿ. ಬೆರಳಿನ ಉಂಗುರದಷ್ಟು ಜಾಗದಲ್ಲಿ ಒಂಬತ್ತು ಅಂಕಿ ಕೂರಿಸಬೇಕು. ಅಂದು ಅಂಗಡಿಯಲ್ಲಿ ಉಸಿರಾಡಿದ್ದು ಹಲ್ಲಿ ಒಂದೇ. ಬರೆದು ಮುಗಿಸಿದಾಗ ಮೇಸ್ತ್ರಿ ರೇಜರನ್ನು ಬೆಳಕಿಗೆ ಹಿಡಿದು, "ಇದನ್ನ ಮುಖಕ್ಕೆ ಇಡೋಕೆ ಮನಸ್ಸಾಗುತ್ತಾ? ಗಾಜಿನ ಪೆಟ್ಟಿಗೆಯಲ್ಲಿಡಬೇಕು," ಎಂದ.

ಪರೀಕ್ಷೆ ಮಾಡದೆ ಕೊಡುವವಳಲ್ಲ ಅವಳು. ಶನಿವಾರ ಬೆಳಿಗ್ಗೆ ಗಂಡನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, "ಮಾಡ್ಕೊಂಡು ನೋಡಿ," ಎಂದಳು.

"ನನ್ನ ಮೇಲೇನೇ ಯಾಕೆ?"

"ಮೇಸ್ತ್ರಿಗೆ ಗಡ್ಡ ಇದೆ, ನಂಗೆ ಇಲ್ಲ. ಇನ್ಯಾರು ಉಳಿದ್ರು?"

"ಹಾಗಾದ್ರೆ ನಡುವಿನ ಅಂಕಿ ಇಡು. ಆ ಕಡೆಗೂ ಬೇಡ, ಈ ಕಡೆಗೂ ಬೇಡ."

ಅವಳು ಐದಕ್ಕೆ ಇಟ್ಟಳು. ರೇಜರು ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ ಜಾರಿತು. ಗಂಡನ ಮುಖ ಮದುವೆಯ ದಿನಕ್ಕಿಂತ ಚೆನ್ನಾಗಿ ಕಂಡಿತು. ಇಬ್ಬರಿಗೂ ಬಹಳ ಸಂತೋಷವಾಯಿತು. ಆ ಕಡೆಯಿಂದ ಎಣಿಸಿದರೂ ಈ ಕಡೆಯಿಂದ ಎಣಿಸಿದರೂ ಐದು ಐದೇ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಬಂತು. ದೊಡ್ಡ ಮಗ ಬಂದ, ಜೊತೆಗೆ ಅವನ ಹೆಂಡತಿ. ಆಕೆ ಶಾಲೆಯಲ್ಲಿ ಲೆಕ್ಕದ ಟೀಚರು. ತಪ್ಪು ಕಂಡರೆ ಬೆರಳು ತಾನಾಗಿಯೇ ಕೆಂಪು ಪೆನ್ನು ಹುಡುಕುತ್ತಿತ್ತು. ಅವಳ ಕೈಯಲ್ಲಿ ಕರೆಂಟಿನ ಮಷೀನಿನ ಡಬ್ಬಿ.

ತಾತನ ಮುಖದಲ್ಲಿ ಅಷ್ಟು ಹೊತ್ತಿಗೆ ನಾಲ್ಕು ದಿನದ ಬಿಳಿ ಗಡ್ಡ. ದೊಡ್ಡ ಮಗ ನೋಡಿದವನೇ, "ಏನಪ್ಪ ಇದು, ನಿಮ್ಮನ್ನ ನೋಡ್ಕೊಳ್ಳೋರೇ ಇಲ್ವಾ?" ಎಂದ. ಆ ಮಾತು ಗೆರೆಯಮ್ಮನಿಗೆ ನೇರವಾಗಿ ನಾಟಿತು. ಅವಳು ಒಳಗೆ ಹೋಗಿ, ಕರವಸ್ತ್ರದಲ್ಲಿ ಸುತ್ತಿದ್ದ ರೇಜರು ತಂದು ಮಾವನ ಕೈಗಿಟ್ಟಳು.

ತಾತ ಸವರಿದರು. ಹಿಡಿಯ ಮೇಲೆ, ಗೆರೆಯ ಮೇಲೆ, ಬಳ್ಳಿಯ ಮೇಲೆ ಬೆರಳು ಆಡಿಸಿದರು. ಕಿಟಕಿಯ ಬೆಳಕಿಗೆ ಹಿಡಿದಾಗ ಚಿನ್ನದ ಗೆರೆ ಅವರ ಮಂಜು ಕಣ್ಣಿಗೂ ಮಿಂಚಿರಬೇಕು.

"ನನ್ನದೇನಾ ಇದು?"

"ನಿಮ್ಮದೇ ಮಾವ."

"ನೀನು ಮಾಡಿದ್ದಾ?"

"ಹೂಂ."

ತಾತ ದೊಡ್ಡ ಮಗನ ಕಡೆ ತಿರುಗಿದರು. "ನಿನ್ನ ಮಷೀನನ್ನ ಡಬ್ಬಿಯಿಂದ ತೆಗೀಲೇಬೇಡ. ಪಾಪ, ನಾಚಿಕೊಂಡೀತು," ಎಂದರು. ಗೆರೆಯಮ್ಮನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಎಲ್ಲರೆದುರಿಗೇ ಆಗಲಿ ಎಂದು ತಾತ ಕಿಟಕಿಯ ಪಕ್ಕ ಕನ್ನಡಿ ಇಡಿಸಿಕೊಂಡರು. ಹೆಗಲಿಗೆ ಟವಲು, ಮುಖಕ್ಕೆ ನೊರೆ. ಎದುರಿನ ಅಂಗಡಿಯವನೂ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಬಾಗಿಲಿಗೆ ಬಂದು ನಿಂತ.

"ಎಷ್ಟಿದೆಯಮ್ಮಾ?"

ಗೆರೆಯಮ್ಮ ಬಳೆ ತಿರುಗಿಸಿ, ತಾನೇ ಬರೆದ ಹಂಸದ ಕತ್ತಿನ ಅಂಕಿಗೆ ಇಟ್ಟಳು. "ಎರಡು, ಮಾವ."

ಮೊದಲ ಎಳೆತಕ್ಕೆ ಬಲಗೆನ್ನೆಯಿಂದ ಪರ್ರ್ ಎಂದು ಕೋರಾ ಬಟ್ಟೆ ಹರಿದ ಸದ್ದು ಬಂತು. "ಆಹಾ, ಹೊಸ ಬಣ್ಣದ ಪ್ರಭಾವ," ಎಂದರು ತಾತ. ಎರಡನೆಯದಕ್ಕೆ, ಐವತ್ತು ವರ್ಷದ ಅಭ್ಯಾಸದಂತೆ, ಮೀಸೆಯ ಅಂಚನ್ನು ಸವರಿ ಹೋಗಲು ಕೈ ಬೀಸಿದರು. ಬಲಗಡೆಯ ಮೀಸೆ ಇಡಿಯಾಗಿ, ತುದಿಯ ಸಮೇತ, ನೊರೆಯ ಮೇಲೆ ದೋಣಿಯ ಹಾಗೆ ತೇಲಿಕೊಂಡು ಬಂದು ಟವಲಿನ ಮೇಲೆ ಇಳಿಯಿತು. ಗಾಬರಿಯಲ್ಲಿ ರೇಜರು ಗಲ್ಲಕ್ಕೆ ತಾಗಿತು. ಅಲ್ಲಿ ಒಂದು ಕೆಂಪು ಚುಕ್ಕೆ ಮೂಡಿತು.

ಕೆಳಗಿನಿಂದ ಕಟಿಂಗ್ ಶಾಪಿನವನ ದನಿ ಕೇಳಿಸಿತು: "ರಕ್ತ! ರಕ್ತ! ಐವತ್ತು ವರ್ಷದ ಮೇಲೆ!" ಅವನು ಕೈಯಲ್ಲಿ ರಕ್ತ ನಿಲ್ಲಿಸುವ ಪಟಿಕ ಹಿಡಿದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬರುವ ಸದ್ದು.

ತಾತ ಬೆರಳಿನಿಂದ ಮೇಲ್ದುಟಿ ಮುಟ್ಟಿ ನೋಡಿಕೊಂಡರು. ಎಡಗಡೆ ಇತ್ತು. ಬಲಗಡೆ ಬಯಲು. "ಒಂದು ತೋಳು ಗಿಡ್ಡ ಆಯ್ತಲ್ಲ," ಎಂದರು.

"ಇನ್ನೊಂದು ಕಡೆಯೂ ತೆಗೆದು ಸಮ ಮಾಡಿಬಿಡೋಣ ಅಪ್ಪ," ಎಂದ ಗೆರೆಯಮ್ಮನ ಗಂಡ. ಗಾಬರಿಗೆ ಅವನ ಬಾಯಿಂದ ಸೂಜಿಗಳು ಆಗಲೇ ಉದುರಿದ್ದವು.

"ಗಿಡ್ಡ ತೋಳಿಗೆ ಸಮ ಮಾಡ್ತಾ ಹೋದ್ರೆ ಕೋಟು ಬನಿಯನ್ನಾಗುತ್ತೆ ಕಣೋ. ಅಷ್ಟೂ ಕಲಿಸಲಿಲ್ವಾ ನಿಂಗೆ ನಾನು?"

ದೊಡ್ಡ ಮಗ ಎದ್ದು ನಿಂತ. "ಸಾಕು. ಅಪ್ಪಾ, ಬಟ್ಟೆ ತುಂಬಿಕೊಳ್ಳಿ. ಇವತ್ತೇ ಹೊರಡೋಣ. ಇಲ್ಲಿದ್ರೆ ಮುಂದಿನ ವಾರ ಮೂಗು ಹೋಗುತ್ತೆ."

ಗೆರೆಯಮ್ಮನ ಕಣ್ಣು ತುಂಬಿ ಬಂತು. ದ್ರಾವಣದ ಡಬ್ಬಿಯಿಂದ ಹಿಡಿದು ಅಡುಗೆಮನೆಯ ಐದರವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ತಪ್ಪು ನಂದೇ ಭಾವ. ಮಾವ, ನೀವು ಹೋಗಿಬನ್ನಿ. ಅಲ್ಲಾದ್ರೂ ಮುಖ ಉಳಿಯುತ್ತೆ."

ಕಟಿಂಗ್ ಶಾಪಿನವನು ಪಟಿಕ ಒತ್ತುತ್ತಲೇ ರೇಜರು ಎತ್ತಿಕೊಂಡು ನೋಡಿದ. ನಗು ತಡೆಯಲಾಗದೆ ಅವನ ಹೊಟ್ಟೆ ಕುಲುಕತೊಡಗಿತು. "ಅಂಕಿ ಉಲ್ಟಾ ಬರೆದಿದ್ದೀಯಲ್ಲಮ್ಮ! ಬಿಗಿ ಮಾಡಿದ್ರೆ ಬ್ಲೇಡು ತಗ್ಗುತ್ತೆ, ಅದು ಒಂದು. ಸಡಿಲ ಬಿಟ್ರೆ ಮೇಲೇಳುತ್ತೆ, ಅದು ಒಂಬತ್ತು. ತಾತ ಇವತ್ತು ಮಾಡ್ಕೊಂಡಿದ್ದು ಎರಡರಲ್ಲಲ್ಲ, ಎಂಟರಲ್ಲಿ! ಎಂಟರಲ್ಲಿ ನಾವು ಕುದುರೆಗೂ ಮಾಡಲ್ಲ. ಇಷ್ಟು ಯಾರಿಗಾದ್ರೂ ಗೊತ್ತಾಗುತ್ತೆ."

"ಕೊಡು ಇಲ್ಲಿ," ಎಂದು ತಾತ ರೇಜರು ಕಿತ್ತುಕೊಂಡರು. ಬಳೆಯನ್ನು ನಿಧಾನವಾಗಿ ಬಿಗಿ ಮಾಡುತ್ತಾ ಹೋದರು. "ನೀನು ಹೇಳಮ್ಮ, ಈಗ ಅಂಕಿ ಏರ್ತಾ ಇದೆಯಾ?"

"ಏರ್ತಾ ಇದೆ ಮಾವ. ಆರು. ಏಳು. ಎಂಟು."

"ಈಗ?"

"ಒಂಬತ್ತು. ಪೂರ್ತಿ ಬಿಗಿ."

"ಸರಿಯಾಗೇ ಇದೆಯಲ್ಲ!" ಎಂದು ತಾತ ತೊಡೆ ತಟ್ಟಿದರು. "ಬಿಗಿ ಆದ್ರೆ ಅಂಕಿ ಏರಬೇಕು. ಅರವತ್ತು ವರ್ಷ ಮಷೀನು ತುಳಿದಿದ್ದೀನಿ, ನಂಗೆ ಹೇಳ್ಕೊಡ್ತೀಯೇನೋ? ನಮ್ಮ ಸೊಸೆ ಸರಿಯಾಗೇ ಬರೆದಿದ್ದಾಳೆ. ಐವತ್ತು ವರ್ಷದಿಂದ ಇದರ ಮೇಲೆ ತಪ್ಪು ಬರೆದಿದ್ದು ಇದನ್ನ ಮಾಡಿದ ಕಂಪನಿಯೋರು."

"ತಾತಾ, ಇದು ಕತ್ತರಿಸೋ ಸಾಮಾನು!"

"ಕತ್ತರಿಸೋರ ಮಾತು ನಮಗೆ ಬೇಡ. ನಾವು ಹೊಲಿಯೋ ಜನ."

ಲೆಕ್ಕದ ಟೀಚರ ಬೆರಳು ಕೆಂಪು ಪೆನ್ನು ಹುಡುಕತೊಡಗಿತು. ಇಷ್ಟು ಧೈರ್ಯವಾಗಿ ತಪ್ಪು ಹೇಳುವವರನ್ನು ಆಕೆ ತರಗತಿಯಲ್ಲೂ ಕಂಡಿರಲಿಲ್ಲ. ದೊಡ್ಡ ಮಗ ತಾಳ್ಮೆ ತಂದುಕೊಂಡು ಅಪ್ಪನ ಪಕ್ಕ ಕುಳಿತ.

"ಸರಿ ಅಪ್ಪ. ರೇಜರಿಗಾಗಿ ತಾನೆ ನೀವು ಇಲ್ಲಿರೋದು? ರೇಜರು ತಗೊಂಡೇ ಬನ್ನಿ. ಕರೆಂಟಿನ ಮಷೀನು ಬೇಡ, ಇದನ್ನೇ ಅಲ್ಲಿ ಬಳಸಿ."

ತಾತ ಇದನ್ನು ನಿರೀಕ್ಷಿಸಿರಲಿಲ್ಲ. ಇಷ್ಟು ವರ್ಷ ಹಿಡಿದುಕೊಂಡಿದ್ದ ನೆಪದ ತುದಿಯನ್ನು ಮಗ ಹೀಗೆ ಕತ್ತರಿಸಿಬಿಡುತ್ತಾನೆಂದು ಯಾರಿಗೆ ಗೊತ್ತಿತ್ತು? ಅವರ ಕೈ ಟವಲಿನ ಅಂಚನ್ನು ಮಡಿಸಿತು, ಬಿಚ್ಚಿತು, ಮತ್ತೆ ಮಡಿಸಿತು. ಗೆರೆಯಮ್ಮ ಗೋಡೆಗೆ ಒರಗಿ ನಿಂತಿದ್ದಳು. ಮಾವನ ಬಾಯಿಂದ ಮುಂದಿನ ಮಾತು ಏನು ಬರುತ್ತದೆಂದು ಅವಳಿಗೆ ಕೇಳುವ ಮನಸ್ಸೂ ಇರಲಿಲ್ಲ, ಅಲ್ಲಿಂದ ಹೋಗುವ ಮನಸ್ಸೂ ಇರಲಿಲ್ಲ.

"ತಗೊಂಡು ಬರಬಹುದು," ಎಂದರು ತಾತ. "ಆದ್ರೆ ಅಲ್ಲಿ ಅಂಕಿ ನೋಡಿ ಹೇಳೋರು ಯಾರು?"

"ನಾನಿದ್ದೀನಲ್ಲ ಮಾವ," ಎಂದಳು ಟೀಚರು. "ದಿನಾ ಬೆಳಿಗ್ಗೆ ಇಟ್ಟು ಕೊಟ್ಟೇ ಶಾಲೆಗೆ ಹೋಗ್ತೀನಿ."

"ನೀನು ಲೆಕ್ಕದ ಟೀಚರು ತಾಯಿ. ನಿನ್ನ ಬಾಯಲ್ಲಿ ಸುಳ್ಳು ಬರುತ್ತಾ? ಎರಡಿಡು ಅಂದ್ರೆ ಎರಡೇ ಇಡ್ತೀಯ. ಈ ರೇಜರಲ್ಲಿ ಎರಡಿಟ್ರೆ ಏನಾಗುತ್ತೆ ಅಂತ ಈಗ ತಾನೆ ಎಲ್ಲರೂ ನೋಡಿದ್ರಿ. ನಂಗೆ ಎರಡು ಅಂತ ಕೇಳದೆ ಕೈ ಏಳಲ್ಲ, ಐವತ್ತು ವರ್ಷದ ಅಭ್ಯಾಸ. ಎಂಟಕ್ಕೆ ಇಟ್ಟು, ಬಾಯಲ್ಲಿ ಎರಡು ಅಂತ ಹೇಳೋಳು ಬೇಕು. ಅಷ್ಟು ಚೆನ್ನಾಗಿ ಸುಳ್ಳು ಹೇಳೋಳು ಇವಳೊಬ್ಬಳೇ. ನಾಲ್ಕು ದಿನದಿಂದ ಬ್ಲೇಡಿಲ್ಲ ಬ್ಲೇಡಿಲ್ಲ ಅಂತ ನನ್ನ ಗಡ್ಡ ಬೆಳೆಸಿದ್ದಾಳೆ ನೋಡು."

"ಅಂಕಿ ಅಳಿಸಿ ಸರಿಯಾಗಿ ಬರೆಸಿದ್ರೆ ಆಯ್ತಲ್ಲಪ್ಪ!" ಎಂದ ದೊಡ್ಡ ಮಗ.

"ಸರಿಯಾಗೇ ಬರೆದಿದ್ದಾಳೆ ಅಂತ ಈಗ ತಾನೆ ಹೇಳಿದ್ನಲ್ಲೋ. ಸರಿಯಿರೋದನ್ನ ಯಾರಾದ್ರೂ ಅಳಿಸ್ತಾರಾ?"

ದೊಡ್ಡ ಮಗ ಹೆಂಡತಿಯ ಮುಖ ನೋಡಿದ. ಟೀಚರು ಆಗಲೇ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಬಿಡ್ರೀ," ಎಂದಳು, "ಈ ಲೆಕ್ಕಕ್ಕೆ ಉತ್ತರ ಇಲ್ಲ."

ಕಟಿಂಗ್ ಶಾಪಿನವನೂ ಸೇರಿ ಎಲ್ಲರೂ ಚಹಾ ಕುಡಿದರು. ಅವನ ಅಂಗಡಿಯಲ್ಲಿ ಅರ್ಧ ತಲೆಯ ಗಿರಾಕಿ ಕಾದು ಕಾದು ಮಹಡಿ ಹತ್ತಿ ಬಂದ. ಅವನಿಗೂ ಒಂದು ಲೋಟ ಕೊಟ್ಟದ್ದಾಯಿತು. ತಾತ ಅವನ ಧ್ವನಿ ಬಂದ ದಿಕ್ಕಿಗೆ ತಿರುಗಿ, "ಎದೆ ಮೂವತ್ತಾರು," ಎಂದರು. ನಾಲ್ಕು ಗಂಟೆಗೆ ದೊಡ್ಡ ಮಗ, ಟೀಚರು ಹೊರಟರು. ಎಲ್ಲರೂ ಕೆಳಗಿಳಿದು ಬೀದಿಗೆ ಬಂದರು. ಅರ್ಧ ಮೀಸೆಯ ತಾತ ನಡುವೆ ನಿಂತು, ಸೊಸೆಯ ಹೆಗಲ ಮೇಲೆ ಕೈಯಿಟ್ಟುಕೊಂಡಿದ್ದರು.

"ಮೀಸೆ ಪೂರ್ತಿ ಬೆಳೆಯಲಿ ಅಪ್ಪ, ಆಮೇಲೆ ಮತ್ತೆ ಬರ್ತೀನಿ. ಆಗ ಬಿಡಲ್ಲ," ಎಂದ ದೊಡ್ಡ ಮಗ ಆಟೋದಿಂದ ತಲೆ ಹೊರಹಾಕಿ.

"ಬಾರಪ್ಪ, ಬಾ. ಮೀಸೆ ಬೆಳೆದ ಮರುದಿನವೇ ಬಾ."

ಆಟೋ ತಿರುವು ದಾಟಿತು. ತಾತ ಸದ್ದು ಪೂರ್ತಿ ಅಡಗುವವರೆಗೆ ಕಿವಿಗೊಟ್ಟು ನಿಂತಿದ್ದರು. ಆಮೇಲೆ ಸೊಸೆಯ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ಮೀಸೆ ಪೂರ್ತಿ ಬೆಳೆಯೋಕೆ ಎಷ್ಟು ದಿನ ಬೇಕಮ್ಮ?"

"ಎರಡು ತಿಂಗಳು ಸಾಕು ಮಾವ."

ತಾತ ತಮ್ಮಲ್ಲೇ ಏನೋ ಅಳತೆ ಹಾಕಿದರು.

"ಹಾಗಾದ್ರೆ ತಿಂಗಳಿಗೊಂದು ಸಲ ಒಂದು ಕಡೆ ತೆಗೀಬೇಕು," ಎಂದರು. "ಮರೆತುಬಿಟ್ರೆ ನೆನಪು ಮಾಡು."